ಧೂಳಿನಲ್ಲಿ ಸಿಕ್ಕ ಪ್ಲಾಸ್ಟಿಕ್ ಎಲ್ಲಿಂದ ಬಂತು? ಲ್ಯಾಬ್ ಕೆಲಸದಲ್ಲಿ ಕಲಿತದ್ದು

ಗಾಳಿಯಲ್ಲಿ ಬಂದು ಬೀಳುವ ಧೂಳಿನಲ್ಲಿ ಮೈಕ್ರೋಪ್ಲಾಸ್ಟಿಕ್ ಎಷ್ಟಿದೆ ಎಂದು ನೋಡುವುದು ನನ್ನ ಕೆಲಸ. ಮೈಕ್ರೋಪ್ಲಾಸ್ಟಿಕ್ ಅಂದರೆ 5 ಮಿಲಿಮೀಟರ್‌ಗಿಂತ ಚಿಕ್ಕ ಪ್ಲಾಸ್ಟಿಕ್ ಚೂರು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ನಗರದಲ್ಲಿ ಸಿಕ್ಕಿತು ಅಂತ ಅದನ್ನೆಲ್ಲ ಸುಮ್ನೆ ನಗರದ ಲೆಕ್ಕಕ್ಕೆ ಬರೆಯಬಾರದು. ಗಾಳಿ ಯಾವ ಕಡೆಯಿಂದ ಬೀಸಿತು, ಅಲ್ಲಿನ ಮಣ್ಣಲ್ಲಿ ಏನಿದೆ ಅನ್ನೋದನ್ನೂ ನೋಡಬೇಕು.

ಛಾವಣಿಯ ಮೇಲೆ ಗಾಜಿನ ಬಾಟಲಿ ಇಟ್ಟು, ಅದರ ಬಾಯಿಗೆ ಲೋಹದ ಆಲಿಕೆ ಕೂರಿಸುತ್ತೇವೆ. ಬಿದ್ದ ಧೂಳನ್ನು ತೊಳೆದು ಸೋಸುತ್ತೇವೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಎಲೆಯ ಪುಡಿ, ಪರಾಗದಂಥದ್ದು ಬಹುಪಾಲು ಕರಗುತ್ತದೆ. ಉಳಿದದ್ದನ್ನು ಝಿಂಕ್ ಕ್ಲೋರೈಡ್‌ನ ದಟ್ಟ ದ್ರಾವಣದಲ್ಲಿ ಕದಡಿ ರಾತ್ರಿಯಿಡೀ ಬಿಡುತ್ತೇವೆ. ಬೆಳಿಗ್ಗೆ ನೋಡಿದರೆ ಮರಳು ತಳದಲ್ಲಿ, ಪ್ಲಾಸ್ಟಿಕ್ ಮೇಲೆ. ಮರಳಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.65 ಗ್ರಾಂನಷ್ಟು. ಪಾಲಿಥೀನ್‌ನದು 1ಕ್ಕಿಂತ ಕಡಿಮೆ, ಪಾಲಿಯೆಸ್ಟರ್‌ನದು 1.38ರ ಆಸುಪಾಸು.

ಈ ವ್ಯತ್ಯಾಸವೇ ಬಯಲಲ್ಲೂ ಕೆಲಸ ಮಾಡುತ್ತದೆ. ರಾಶಿ ತೂರುವಾಗ ಕಾಳು ಹತ್ತಿರ ಬಿದ್ದು ಹೊಟ್ಟು ದೂರ ಹೋಗುತ್ತದೆ ಅಲ್ವಾ, ಹಾಗೆ ಗಾಳಿ ಮಣ್ಣಿನಿಂದ ಪ್ಲಾಸ್ಟಿಕ್ಕನ್ನು ಬೇರೆ ಮಾಡಿ ಎತ್ತಿಕೊಂಡು ಹೋಗುತ್ತದೆ. ಇರಾನಿನ ಫಾರ್ಸ್ ಪ್ರಾಂತ್ಯದ ಮಣ್ಣಿನ ಮೇಲೆ ಗಾಳಿ ಹಾಯಿಸಿ ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ನೆಲದ ಮಣ್ಣಲ್ಲಿ ಇದ್ದುದಕ್ಕಿಂತ ಹಾರಿ ಬಂದ ಮಣ್ಣಲ್ಲಿ ಹಗುರ ಪ್ಲಾಸ್ಟಿಕ್ಕಿನ ಪಾಲು ಹಲವು ಪಟ್ಟು ಜಾಸ್ತಿ ಇತ್ತು. ಹಾಗಾಗಿ ಹೊಲದ ಮಣ್ಣಲ್ಲಿ ಪ್ಲಾಸ್ಟಿಕ್ ಕಡಿಮೆ ಇದೆ ಎಂಬ ಒಂದೇ ವರದಿ ಹಿಡಿದುಕೊಂಡು, ಅಲ್ಲಿಂದ ಏಳುವ ಧೂಳೂ ಶುದ್ಧ ಅನ್ನುವ ಹಾಗಿಲ್ಲ. ಮಣ್ಣು ಮತ್ತು ಧೂಳು ಎರಡನ್ನೂ ಜೊತೆಯಾಗಿ ಪರೀಕ್ಷೆ ಮಾಡಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ತೂಕದಷ್ಟೇ ಆಕಾರವೂ ಮುಖ್ಯ. ಸೂಕ್ಷ್ಮದರ್ಶಕದ ಕೆಳಗೆ ನನಗೆ ಪದೇ ಪದೇ ಕಾಣುವುದು ಎಳೆಗಳು. ಉದ್ದಕ್ಕೂ ಒಂದೇ ದಪ್ಪ, ಹತ್ತಿಯ ನಾರಿನಂತೆ ಚಪ್ಪಟೆಯಾಗಿ ತಿರುಚಿಕೊಂಡಿರುವುದಿಲ್ಲ. ಇಂಥ ಎಳೆ ಗುಂಡು ಕಣದಷ್ಟು ಬೇಗ ನೆಲಕ್ಕೆ ಇಳಿಯುವುದಿಲ್ಲ, ಗಾಳಿಯಲ್ಲಿ ತೇಲುತ್ತಾ ಹೋಗುತ್ತದೆ. ಅದು ಪಾಲಿಯೆಸ್ಟರ್ ಹೌದೋ ಅಲ್ಲವೋ ಎಂದು ಎಫ್‌ಟಿಐಆರ್ ಯಂತ್ರದಲ್ಲಿ ಇನ್‌ಫ್ರಾರೆಡ್ ಬೆಳಕು ಹಾಯಿಸಿ ಖಚಿತ ಮಾಡಿಕೊಳ್ಳುತ್ತೇವೆ. ಬಣ್ಣ ನೋಡಿ ತೀರ್ಮಾನಿಸುವಂತಿಲ್ಲ.

ಪಾಲಿಯೆಸ್ಟರ್ ಬಟ್ಟೆ ಯಾರೂ ಉಡದ ಹೊಲಕ್ಕೆ ಆ ಎಳೆ ಹೇಗೆ ಬರುತ್ತದೆ? ಬಟ್ಟೆ ಒಗೆದಾಗ ಉದುರಿದ ಎಳೆ ಒಳಚರಂಡಿಗೆ ಹೋಗುತ್ತದೆ. ಶುದ್ಧೀಕರಣ ಘಟಕ ಅದರ ಬಹುಪಾಲನ್ನು ತಡೆಯುತ್ತದೆ, ಆದರೆ ತಡೆದದ್ದು ಸ್ಲಡ್ಜ್‌ನಲ್ಲಿ, ಅಂದರೆ ತಳದ ಕೆಸರಲ್ಲಿ ಉಳಿಯುತ್ತದೆ. ಎಷ್ಟೋ ದೇಶಗಳಲ್ಲಿ ಆ ಸ್ಲಡ್ಜ್ ಗೊಬ್ಬರವಾಗಿ ಹೊಲ ಸೇರುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿ ಪುಡಿಯಾದಾಗ ಗಾಳಿ ಅದನ್ನು ಎತ್ತುತ್ತದೆ. ನಗರ ಹೊರಗೆ ಹಾಕಿದ್ದೇ ನಗರಕ್ಕೆ ಧೂಳಾಗಿ ವಾಪಸು ಬರುತ್ತದೆ. ಹೊಲದ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ, ಅಂದರೆ ಮಲ್ಚಿಂಗ್ ಶೀಟ್, ಬಿಸಿಲಿಗೆ ಒಡಕಲಾದಾಗ ಅದರ ಚೂರುಗಳದ್ದೂ ಇದೇ ದಾರಿ. ಜಿಗಿಯುತ್ತಾ ಸಾಗುವ ಮರಳಿನ ಕಣಗಳು ಬಡಿದು ಬಡಿದು ಅದನ್ನು ಇನ್ನೂ ಚಿಕ್ಕದು ಮಾಡುತ್ತವೆ.

ಹಾಗಂತ ರಸ್ತೆಯನ್ನು ಬಿಟ್ಟುಬಿಡುವಂತಿಲ್ಲ. ಅಮೆರಿಕದ ಪಶ್ಚಿಮ ಭಾಗದ ಬಗ್ಗೆ 2021ರಲ್ಲಿ ಬಂದ ಅಂದಾಜಿನ ಪ್ರಕಾರ, ಅಲ್ಲಿ ಗಾಳಿಯಲ್ಲಿರುವ ಮೈಕ್ರೋಪ್ಲಾಸ್ಟಿಕ್‌ನಲ್ಲಿ ಶೇ. 84 ರಸ್ತೆ ಧೂಳಿನದು, ಶೇ. 11 ಸಮುದ್ರದ್ದು, ಶೇ. 5 ಕೃಷಿ ಭೂಮಿಯದು. ಆದರೆ ಇದು ಆ ಒಂದು ಪ್ರದೇಶದ ಲೆಕ್ಕ. ಸ್ಲಡ್ಜ್ ಬಳಕೆ, ಒಣ ಬಯಲು, ಗಾಳಿಯ ದಿಕ್ಕು ಬೇರೆಯಾದ ಕಡೆ ಇದೇ ಅಂಕಿಯನ್ನು ಹಚ್ಚುವುದು ತಪ್ಪು ಅಂತ ನನ್ನ ಅಭಿಪ್ರಾಯ. ಪ್ಲಾಸ್ಟಿಕ್ ಹಾರಿ ಬರುವ ದೂರವೂ ಸಣ್ಣದೇನಲ್ಲ. ಫ್ರಾನ್ಸ್–ಸ್ಪೇನ್ ಗಡಿಯ ಪಿರನೀಸ್ ಬೆಟ್ಟದ ನಿರ್ಜನ ಜಾಗವೊಂದರಲ್ಲಿ ದಿನಕ್ಕೆ ಚದರ ಮೀಟರಿಗೆ ಸರಾಸರಿ 365 ಕಣ ಬೀಳುತ್ತಿದ್ದವು ಎಂದು 2019ರಲ್ಲಿ ವರದಿಯಾಯಿತು. ಅವು 95 ಕಿಲೋಮೀಟರ್‌ವರೆಗೂ ಗಾಳಿಯಲ್ಲಿ ಬಂದಿರಬಹುದು ಎಂದು ಸಂಶೋಧಕರು ಲೆಕ್ಕ ಹಾಕಿದರು.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಹತ್ತಿ ಕೋಟು ಹಾಕಿಕೊಳ್ಳಿ ಅಂತ. ನಮ್ಮ ಮೈಮೇಲಿನ ಬಟ್ಟೆಯ ಎಳೆಯೇ ಮಾದರಿಗೆ ಬೀಳಬಹುದು. ಅದಕ್ಕೇ ಪಕ್ಕದಲ್ಲಿ ಒಂದು ಖಾಲಿ ಫಿಲ್ಟರ್ ತೆರೆದಿಟ್ಟು, ಅದರ ಮೇಲೆ ಬಿದ್ದದ್ದನ್ನು ಎಣಿಸಿ ಫಲಿತಾಂಶದಿಂದ ಕಳೆಯುತ್ತೇವೆ. ಈ ಖಾಲಿ ಫಿಲ್ಟರಿನ ಲೆಕ್ಕ ಕೊಡದ ವರದಿಯನ್ನು ನಾನು ಪಕ್ಕಕ್ಕಿಡುತ್ತೇನೆ. ಎಷ್ಟು ಚಿಕ್ಕ ಕಣದವರೆಗೆ ಎಣಿಸಿದ್ದಾರೆ ಅನ್ನೋದನ್ನೂ ನೋಡುತ್ತೇನೆ. ಅದು ಬೇರೆಯಾದರೆ ಎರಡು ನಗರಗಳ ಸಂಖ್ಯೆಯನ್ನು ಹೋಲಿಸಲು ಬರುವುದಿಲ್ಲ. ಪಿಎಂ10, ಅಂದರೆ 10 ಮೈಕ್ರೋಮೀಟರ್‌ ಅಥವಾ ಅದಕ್ಕಿಂತ ಚಿಕ್ಕ ಧೂಳಿನ ಕಣ, ಅಳೆಯುವ ಮಾಮೂಲಿ ಯಂತ್ರವನ್ನು ನಂಬಿ ಕೂರುವುದೂ ಸಾಲದು. ಅದು ಧೂಳು ಎಷ್ಟಿದೆ ಎಂದು ಹೇಳುತ್ತದೆ, ಅದರಲ್ಲಿ ಪ್ಲಾಸ್ಟಿಕ್ ಎಷ್ಟು ಎಂದು ಹೇಳುವುದಿಲ್ಲ.

ಹೊಲದಲ್ಲಿ ಮಾಡಬಹುದಾದ ಕೆಲಸಗಳೂ ಇವೆ. ಕೂಳೆ ಕೀಳದೆ ಬಿಡುವುದು, ಗಾಳಿ ತಡೆಯಲು ಬದುವಿನಲ್ಲಿ ಗಿಡ ಬೆಳೆಸುವುದು, ಮಲ್ಚಿಂಗ್ ಶೀಟ್ ಚೂರಾಗುವ ಮೊದಲೇ ಎತ್ತಿಬಿಡುವುದು. ಇದರ ಭಾರವನ್ನೆಲ್ಲ ರೈತರ ಮೇಲೆ ಹೊರಿಸುವುದು ಮಾತ್ರ ನ್ಯಾಯವಲ್ಲ. ಸ್ಲಡ್ಜ್ ಕಳಿಸುವ ನಗರವೇ ಅದರಲ್ಲಿ ಪ್ಲಾಸ್ಟಿಕ್ ಎಷ್ಟಿದೆ ಎಂದು ಪರೀಕ್ಷಿಸಿ, ಫಲಿತಾಂಶವನ್ನು ಲೋಡಿನ ಜೊತೆಗೇ ರೈತರ ಕೈಗೆ ಕೊಡಬೇಕು.