ಅತ್ತಿಯ ಸರ್ಪಸುತ್ತು, ಟ್ಯೂಬಿನ ಖಾರ

ನಮ್ಮ ಕಡೆ ಸರ್ಪಸುತ್ತು ಅಂದರೆ ಸಾಕು, ಓಣಿಗೆ ಓಣಿಯೇ ವೈದ್ಯರಾಗಿಬಿಡುತ್ತದೆ. ಗುಳೇದಗುಡ್ಡದ ನಮ್ಮ ಅತ್ತಿಯ ಬಲ ಪಕ್ಕೆಯಲ್ಲಿ ಗುಳ್ಳೆ ಎದ್ದಾಗ ಒಬ್ಬರು ಕೆಮ್ಮಣ್ಣು ತಂದರು, ಇನ್ನೊಬ್ಬರು ಕರಿಕೆ ಅರೆದು ಹಚ್ಚಿ ಅಂದರು. ಪಕ್ಕದ ಮನೆಯ ಹಿರಿಯಳಂತೂ, "ಹಾವಿನ ತಲಿ ಬಾಲ ಕೂಡಿದ್ರ ಜೀವಾ ಉಳಿಯೂದಿಲ್ಲವ್ವಾ" ಎಂದು ಹೆದರಿಸಿಯೇ ಹೋದಳು. ಅದು ಸಾಮಾನ್ಯವಾಗಿ ಕೂಡುವುದೇ ಇಲ್ಲ. ಚಿಕ್ಕಂದಿನ ಸೀತಾಳೆ ಸಿಡುಬಿನ ವೈರಸ್ಸು ಬೆನ್ನುಹುರಿಯ ಮಗ್ಗುಲ ನರದ ಗಂಟಿನಲ್ಲಿ ಅಡಗಿದ್ದು, ವಯಸ್ಸಾಗಿ ಕಸುವು ಇಳಿದಾಗ ಅದೇ ನರದ ಗುಂಟ ಚರ್ಮಕ್ಕೆ ಬರುತ್ತದೆ. ಆ ನರ ಓಡುವುದು ಮೈಯ ಒಂದೇ ಮಗ್ಗುಲಲ್ಲಿ.

ಗುಳ್ಳೆ ಎದ್ದ 72 ತಾಸಿನೊಳಗೆ ವೈರಸ್ ತಡೆಯುವ ಗುಳಿಗೆ ಶುರುವಾದರೆ ಛಲೋ. ಅತ್ತಿ ಸೆರಗಿನ ಮರೆಯಲ್ಲಿಟ್ಟು ಯಾರಿಗೂ ಹೇಳದೆ ಆ ಹೊತ್ತು ದಾಟಿತ್ತು.

ಹಕ್ಕಳೆ ಉದುರಿದವು, ಉರಿ ಮಾತ್ರ ಹೋಗಲಿಲ್ಲ. ಖಣ ನೇಯುವ ಊರಿನಾಕಿಗೆ ಖಣದ ಕುಪ್ಪಸವೇ ಆಗದಾಯಿತು. ಫ್ಯಾನಿನ ಗಾಳಿಗೆ ಸೆರಗು ಸೋಕಿದರೂ ಹಲ್ಲು ಕಚ್ಚುತ್ತಿದ್ದಳು. ಕಡೆಗೆ ಮಾವನ ಹಳೇ ಬನಿಯನ್ನನ್ನು ಒಳಹೊರಗು ಮಾಡಿ, ಹೊಲಿಗೆ ಮೈಗೆ ತಾಗದಂತೆ ತೊಟ್ಟು, ಬಂದವರೆದುರು ನಾಚದೆ ಕೂತಳು.

ಕರಿಕೆಯ ರಸ, ಒದ್ದೆ ಅರಿವೆ ಹಾಕಿದಾಗ ತಂಪು ಹೌದು. ಆದರೆ ತಂಪಾಗುವುದು ಚರ್ಮ, ಉರಿಯುವುದು ನರ. ಕೊಬ್ಬರಿ ಎಣ್ಣೆ ತಿಕ್ಕಲು ಹೋದವರ ಕೈಯನ್ನೇ ತಳ್ಳಿದಳು. ಹಸಿ ಗುಳ್ಳೆಗೆ ಮಣ್ಣು ಮೆತ್ತದೆ ಇದ್ದದ್ದು ಪುಣ್ಯ. ಕೀವಾಗುವುದೊಂದು ಬಾಕಿ ಇರುತ್ತಿತ್ತು.

ಬಾಗಲಕೋಟೆಯ ಡಾಕ್ಟರು ರಾತ್ರಿಗೆ ನರದ ಗುಳಿಗೆ ಬರೆದರು. ನಿದ್ದೆ ಬಂತು, ಮುಂಜಾನೆ ತಲೆ ತಿರುಗುವುದೂ ಬಂತು. ಬಚ್ಚಲಿಗೆ ಕೈಹಿಡಿದೇ ಕರೆದೊಯ್ಯಬೇಕಾಯಿತು. ಪ್ರಮಾಣ ಇಳಿಸಿ, ಜೊತೆಗೆ ಕ್ಯಾಪ್ಸೈಸಿನ್ ಮುಲಾಮು ಕೊಟ್ಟರು. ಮೆಣಸಿನಕಾಯಿಯ ಖಾರವೇ ಅದು. ಹುಣ್ಣು ಪೂರಾ ಮಾಯ್ದ ಚರ್ಮಕ್ಕಷ್ಟೇ ಹಚ್ಚಬೇಕು. ಮೊದಮೊದಲು ಉರಿ ಹೆಚ್ಚಿಸಿ, ಆಮೇಲೆ ನರದ ತುದಿಗಳನ್ನು ದಣಿಸಿ ಸುಮ್ಮನಾಗಿಸುತ್ತದೆ. ಹಾಗಂತ ಅಡುಗೆಮನೆಯ ಖಾರಪುಡಿ ಕಲಸಿ ಹಚ್ಚೀರಿ ಮತ್ತೆ!

"ಜಲಮೆಲ್ಲಾ ಖಾರ ಕುಟ್ಟೀನಿ, ಈಗ ರೊಕ್ಕಾ ಕೊಟ್ಟು ಹಚ್ಚಿಕೋಬೇಕೇನು?" ಎಂದು ಗೊಣಗಿದಳು ಅತ್ತಿ. ಆದರೂ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ತಾನೇ ಹಚ್ಚಿಕೊಂಡಳು. ಕಣ್ಣಿಗೆ ತಾಗೀತೆಂದು ಮೊಮ್ಮಕ್ಕಳನ್ನು ಹತ್ತಿರ ಬಿಡಲಿಲ್ಲ. ದೀಪಾವಳಿಗೆ ಕುಪ್ಪಸ ತೊಟ್ಟಳು, ಖಣದ್ದಲ್ಲ, ಸಾದಾ ಹತ್ತಿಯದು. ಮಾವನಿಗೂ ಐವತ್ತು ದಾಟಿ ಬಹಳ ವರ್ಷವಾಯಿತು. ಆ ವಯಸ್ಸಿನವರಿಗೆ ಸರ್ಪಸುತ್ತು ತಡೆಯಲು ಎರಡು ಡೋಸಿನ ಲಸಿಕೆ ಇದೆ ಅಂದರೆ, ಮೊದಲು ರೇಟು ಕೇಳುತ್ತಾನೆ.