ಮ್ಯಾಡ್ರಿಡ್‌ಗೆ ವರ್ಣಚಿತ್ರ ನೋಡೋಕೆ ಹೊರಟಿದ್ದೀರಾ?

ಮೊದಲೇ ಹೇಳಿಬಿಡುತ್ತೇನೆ, ಮಂಗಳವಾರ ರೇಯ್ನಾ ಸೋಫಿಯಾ ಮ್ಯೂಸಿಯಂಗೆ ರಜೆ. ನಾವು ಹೋಗಿದ್ದು ಮಂಗಳವಾರವೇ! ಪ್ರಾಡೊ ಮ್ಯೂಸಿಯಂ ವಾರದ ಏಳೂ ದಿನ ತೆರೆದಿರುತ್ತದೆ, ಇದೂ ಹಾಗೇ ಇರಬೇಕು ಎಂದು ನಾನೇ ಅಂದುಕೊಂಡಿದ್ದೆ. ಮುಚ್ಚಿದ ಬಾಗಿಲು ನೋಡಿ ನಮ್ಮ ಅತ್ತೆ, "ಅಷ್ಟು ದೂರದಿಂದ ಬಂದಿದ್ದೀವಿ, ವಾರ ನೋಡ್ಕೊಂಡು ಬರೋಕಾಗ್ಲಿಲ್ವೇನಮ್ಮಾ" ಎಂದರು. ಅತ್ತೆಗೆ ಎಪ್ಪತ್ತು ದಾಟಿದೆ, ಮಂಡಿನೋವು ಬೇರೆ. ಹಾಗಾಗಿ ನಮ್ಮ ಲೆಕ್ಕವೆಲ್ಲ ಅವರ ಕಾಲಿಗೆ ತಕ್ಕಂತೆ. ಈಗ ಯೋಚಿಸಿದರೆ ಅದೇ ಒಳ್ಳೆಯದಾಯಿತು ಅನ್ನಿಸುತ್ತದೆ.

ಪ್ರಾಡೊ, ಥಿಸ್ಸೆನ್, ರೇಯ್ನಾ ಸೋಫಿಯಾ, ಮೂರೂ ದೊಡ್ಡ ಮ್ಯೂಸಿಯಂಗಳು ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗುವಷ್ಟು ಹತ್ತಿರ ಇವೆ. ಅದಕ್ಕೇ ಎಲ್ಲರೂ "ಒಂದೇ ದಿನದಲ್ಲಿ ಮುಗಿಸಿಬಿಡೋಣ" ಅಂತ ಹೊರಡುತ್ತಾರೆ. ದಯವಿಟ್ಟು ಬೇಡ. ದಿನಕ್ಕೆ ಒಂದೇ ಸಾಕು. ಅದರಲ್ಲೂ ಎರಡೂವರೆ ಗಂಟೆ ದಾಟಿದರೆ ಕಣ್ಣು ನೋಡುತ್ತದೆ, ತಲೆಗೆ ಏನೂ ಹೋಗುವುದಿಲ್ಲ.

ಪ್ರಾಡೊಗೆ ಬೆಳಿಗ್ಗೆ ಹತ್ತಕ್ಕೆ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಟಿಕೆಟ್ ಆನ್‌ಲೈನಲ್ಲಿ ಮುಂಚೆಯೇ ತೆಗೆದುಕೊಳ್ಳಿ. ನಾವು ಹೋದಾಗ ತಲೆಗೆ 15 ಯೂರೊ ಇತ್ತು, 18 ವರ್ಷದೊಳಗಿನವರಿಗೆ ಉಚಿತ. ದೊಡ್ಡ ಬ್ಯಾಗನ್ನು ಹೊರಗೇ ಇಟ್ಟು ಹೋಗಬೇಕು. ಒಳಗೆ ಫೋಟೊ ತೆಗೆಯುವ ಹಾಗಿಲ್ಲ. ನನಗಂತೂ ಅದು ಖುಷಿಯೇ ಆಯಿತು, ಚಿತ್ರಕ್ಕೂ ನಮಗೂ ನಡುವೆ ಯಾರ ಮೊಬೈಲೂ ಅಡ್ಡ ಬರಲ್ಲ ಅಲ್ವಾ?

ಎಡಬಲ ನೋಡದೆ ನೇರವಾಗಿ 12ನೇ ಕೋಣೆಗೆ ಹೋಗಿ. ಸ್ಪೇನ್‌ನ ಆಸ್ಥಾನ ಕಲಾವಿದ ವೆಲಾಸ್ಕೆಸ್ 1656ರಲ್ಲಿ ಬರೆದ 'ಲಾಸ್ ಮೆನಿನಾಸ್' ಇರುವುದು ಅಲ್ಲಿ. ನಡುವೆ ಪುಟ್ಟ ರಾಜಕುಮಾರಿ, ಸುತ್ತ ಸಖಿಯರು, ಒಂದು ಪಕ್ಕದಲ್ಲಿ ಕುಂಚ ಹಿಡಿದು ನಿಂತ ವೆಲಾಸ್ಕೆಸ್ ತಾನೇ. ಹಿಂದಿನ ಕನ್ನಡಿಯಲ್ಲಿ ರಾಜ ರಾಣಿಯ ಮುಖ ಮಸುಕಾಗಿ ಕಾಣುತ್ತದೆ. ಹಾಗಾದರೆ ಅವರು ನಿಂತಿರುವುದು ಎಲ್ಲಿ? ನಾವು ನಿಂತಿರುವ ಜಾಗದಲ್ಲೇ ಇರಬೇಕು! ಅತ್ತೆ ಸುಮ್ನೆ ನೋಡುತ್ತಾ ನಿಂತಿದ್ದರು. ಆಮೇಲೆ, "ಮದುವೆ ಮನೇಲಿ ಫೋಟೊಗೆ ನಿಲ್ಲಿಸೋ ಹೊತ್ತಿಗೆ ನಾವು ಬಾಗಿಲು ತೆಗೆದುಕೊಂಡು ಒಳಗೆ ಬಂದ ಹಾಗಿದೆ. ನೋಡು, ಆ ಹುಡುಗ ನಾಯಿ ಮೇಲೆ ಕಾಲಿಟ್ಟಿದ್ದಾನೆ" ಎಂದರು. ಎಷ್ಟೋ ಓದಿಕೊಂಡು ಹೋಗಿದ್ದ ನನಗೆ ಆ ಕಾಲು ಕಂಡೇ ಇರಲಿಲ್ಲ.

ಆಮೇಲೆ ಸ್ಪೇನ್‌ನ ಇನ್ನೊಬ್ಬ ಕಲಾವಿದ ಗೋಯಾನ 'ಕಪ್ಪು ಚಿತ್ರಗಳು', ಒಟ್ಟು 14. ವಯಸ್ಸಾದ ಮೇಲೆ, ಕಿವಿ ಕೇಳಿಸದೆ, ತನ್ನ ಮನೆಯ ಗೋಡೆಗಳ ಮೇಲೇ ಬರೆದುಕೊಂಡಿದ್ದವು. ಅವನ್ನು ಕ್ಯಾನ್ವಾಸಿಗೆ ಇಳಿಸಿದ್ದು ಅವನು ಸತ್ತ ಎಷ್ಟೋ ವರ್ಷಗಳ ಮೇಲೆ. ಮಗನನ್ನೇ ತಿನ್ನುತ್ತಿರುವ ಸ್ಯಾಟರ್ನ್ ಎಂಬ ರೋಮನ್ ದೇವರ ಚಿತ್ರ ಅಲ್ಲೇ ಇದೆ. ಚಿಕ್ಕ ಮಕ್ಕಳಿದ್ದರೆ ಆ ಕೋಣೆ ಬಿಟ್ಟುಬಿಡಿ. ಹಿಯೆರೊನಿಮಸ್ ಬಾಷ್ ಮೂರು ಹಲಗೆಗಳ ಮೇಲೆ ಬರೆದ ಸ್ವರ್ಗ ನರಕದ ಚಿತ್ರವನ್ನು ಮಕ್ಕಳು ಬೇಕಾದರೆ ಒಂದು ಗಂಟೆ ನೋಡುತ್ತಾರೆ. ಅಷ್ಟು ವಿಚಿತ್ರ ಪ್ರಾಣಿಗಳು!

ರೇಯ್ನಾ ಸೋಫಿಯಾಗೆ ನಾವು ಬುಧವಾರ ಮತ್ತೆ ಹೋದೆವು. ಅಲ್ಲಿಗೆ ಎಲ್ಲರೂ ಬರುವುದು ಪಿಕಾಸೊನ 'ಗೆರ್ನಿಕಾ'ಗಾಗಿ. 1937ರ ಏಪ್ರಿಲ್‌ನಲ್ಲಿ ಸ್ಪೇನ್‌ನ ಗೆರ್ನಿಕಾ ಎಂಬ ಊರಿನ ಮೇಲೆ ಜರ್ಮನ್, ಇಟಾಲಿಯನ್ ವಿಮಾನಗಳು ಬಾಂಬ್ ಹಾಕಿದವು. ಅದೇ ವರ್ಷ ಬರೆದ ಚಿತ್ರ ಇದು. ಸುಮಾರು ಏಳೂಮುಕ್ಕಾಲು ಮೀಟರ್ ಉದ್ದ, ಬಣ್ಣ ಕಪ್ಪು, ಬಿಳುಪು, ಬೂದು ಅಷ್ಟೇ. ಸರ್ವಾಧಿಕಾರಿ ಫ್ರಾಂಕೊ ಕಾಲವೆಲ್ಲ ಹೊರದೇಶದಲ್ಲೇ ಇದ್ದು 1981ರಲ್ಲಿ ಸ್ಪೇನ್‌ಗೆ ಬಂತು. ಪಿಕಾಸೊ ಇದನ್ನು ಬರೆಯುತ್ತಿದ್ದಾಗ ಅವನ ಸಂಗಾತಿ, ಛಾಯಾಗ್ರಾಹಕಿ ಡೋರಾ ಮಾರ್ ತೆಗೆದ ಫೋಟೊಗಳನ್ನೂ ತಪ್ಪಿಸಬೇಡಿ. ಚಿತ್ರ ದಿನದಿನಕ್ಕೆ ಹೇಗೆ ಬದಲಾಯಿತು ಎಂದು ಗೊತ್ತಾಗುತ್ತದೆ. ಥಿಸ್ಸೆನ್ ಬಗ್ಗೆ ಜಾಸ್ತಿ ಹೇಳಲ್ಲ. ಚೆನ್ನಾಗಿದೆ, ಆದರೆ ಎರಡೇ ದಿನ ಇದ್ದರೆ ಬಿಡಬಹುದು.

ಊಟದ ವಿಷಯ. ಅಲ್ಲಿ ಮಧ್ಯಾಹ್ನದ ಊಟ ಎರಡಕ್ಕೆ, ರಾತ್ರಿಯದ್ದು ಒಂಬತ್ತಕ್ಕೆ. ಸಸ್ಯಾಹಾರಿಗಳು ಜೋಪಾನ, 'ತೋರ್ತಿಯಾ' ಎಂದರೆ ಆಲೂಗಡ್ಡೆ ಹಾಕಿದ ಮೊಟ್ಟೆ. ಟೊಮೆಟೊ ಸವರಿದ ಬ್ರೆಡ್ಡು ನಮ್ಮನ್ನು ಕಾಪಾಡಿತು. ಜೊತೆಗೆ ಅತ್ತೆಯ ಚಟ್ನಿಪುಡಿ.

ಇನ್ನು ಉಚಿತ ಪ್ರವೇಶ. ಪ್ರಾಡೊದಲ್ಲಿ ಸೋಮವಾರದಿಂದ ಶನಿವಾರ ಸಂಜೆ 6ರಿಂದ 8, ಭಾನುವಾರ 5ರಿಂದ 7. ಕ್ಯೂ ಉದ್ದ ಇರುತ್ತದೆ. ಮೊದಲ ಸಲಕ್ಕೆ ಅದನ್ನು ನಂಬಿಕೊಳ್ಳಬೇಡಿ, ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಕೊನೆಯ ಸಂಜೆ ಅತ್ತೆಯೇ, "ಆ ನಾಯಿ ಚಿತ್ರ ಇನ್ನೊಂದ್ಸಲ ನೋಡ್ಬೇಕು" ಎಂದರು. ಮುಕ್ಕಾಲು ಗಂಟೆ ಕ್ಯೂನಲ್ಲಿ ನಿಂತು, ಇಪ್ಪತ್ತು ನಿಮಿಷ ಅದೊಂದೇ ಚಿತ್ರ ನೋಡಿ ಹೊರಬಂದೆವು. ಜೂನ್ ತಿಂಗಳಾದ್ದರಿಂದ ಎಂಟು ಗಂಟೆಗೂ ಬಿಸಿಲಿತ್ತು. ಮಂಡಿನೋವಿನ ಮಾತೇ ಅವರು ಎತ್ತಲಿಲ್ಲ.