ಅಲೆಕ್ ಗಿನ್ನೆಸ್ ಮುಖ ಯಾಕೆ ನೆನಪಿರಲ್ಲ?

ಹಳೇ ಇಂಗ್ಲಿಷ್ ಸಿನಿಮಾಗಳ ಮಾತು ಬಂದರೆ ನಾನು ಅಲೆಕ್ ಗಿನ್ನೆಸ್ ಹೆಸರು ತೆಗೆಯದೆ ಬಿಡುವವನಲ್ಲ. ಆಗ ಎದುರಿಗಿದ್ದವರು ಕೇಳುವುದು ಹೆಚ್ಚು ಕಡಿಮೆ ಇದೇ: "ಸ್ಟಾರ್ ವಾರ್ಸ್‌ನಲ್ಲಿ ಬರ್ತಾರಲ್ಲ, ಆ ಗಡ್ಡದ ಅಜ್ಜ ತಾನೇ? ಬೇರೆ ಸಿನಿಮಾನೂ ನೋಡಿದ್ದೀನಿ, ಮುಖಾನೇ ನೆನಪಾಗಲ್ಲ. ದೊಡ್ಡ ನಟ ಹೇಗಾದರು?"

ಮುಖ ಬಿಡಿ, ಕಾಲು ನೋಡಿ ಅನ್ನುತ್ತೇನೆ ನಾನು.

1957ರ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ಹಾಕಿಕೊಳ್ಳಿ. ಡೇವಿಡ್ ಲೀನ್ ಅದನ್ನು ತೆಗೆದದ್ದು ಸಿಲೋನಿನಲ್ಲಿ. ಗಿನ್ನೆಸ್ ಅದರಲ್ಲಿ ಕರ್ನಲ್ ನಿಕಲ್ಸನ್, ಜಪಾನಿ ಸೈನ್ಯದ ಕೈದಿ. ಹಟ ಮಾಡಿದ್ದಕ್ಕೆ ಅವನನ್ನು ತಗಡಿನ ಗೂಡಿನಲ್ಲಿ, ಸುಡುವ ಬಿಸಿಲಿಗೆ ಕೂಡಿಹಾಕುತ್ತಾರೆ. ಕೊನೆಗೊಮ್ಮೆ ಹೊರಗೆ ಬಿಟ್ಟಾಗ ಅವನು ಶಿಬಿರದ ಅಧಿಕಾರಿಯ ಮನೆವರೆಗೆ ನಡೆದುಹೋಗಬೇಕು. ಕಾಲು ಸ್ವಾಧೀನದಲ್ಲಿಲ್ಲ, ಎತ್ತೆತ್ತಲೋ ಬೀಳುತ್ತವೆ. ಮೈ ಮಾತ್ರ ಪರೇಡಿನಲ್ಲಿರುವಂತೆ ನೆಟ್ಟಗಿರಲು ಒದ್ದಾಡುತ್ತದೆ. ಆ ನಡಿಗೆ ಅವರಿಗೆ ಸಿಕ್ಕಿದ್ದು ಮನೆಯಲ್ಲೇ. ಮಗ ಮ್ಯಾಥ್ಯೂಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿತ್ತು. ಚೇತರಿಸಿಕೊಳ್ಳುತ್ತಾ ಹುಡುಗ ಹೇಗೆ ಹೆಜ್ಜೆ ಇಡುತ್ತಿದ್ದನೋ ಅದನ್ನೇ ಅಪ್ಪ ತೆಗೆದುಕೊಂಡರು. ಇದು ಗೊತ್ತಾದಮೇಲೆ ಆ ದೃಶ್ಯವನ್ನು ಸುಮ್ನೆ ನೋಡೋಕಾಗಲ್ಲ. ಆ ಪಾತ್ರಕ್ಕೆ ಆಸ್ಕರ್ ಬಂತು.

ಅವರು ಹುಟ್ಟಿದ್ದು 1914ರಲ್ಲಿ, ಲಂಡನ್ನಿನಲ್ಲಿ. ಜನನ ಪತ್ರದಲ್ಲಿ ಅಪ್ಪನ ಹೆಸರಿನ ಜಾಗ ಖಾಲಿ. ಜಾಹೀರಾತು ಕಂಪನಿಯಲ್ಲಿ ಬರೆಯುವ ಕೆಲಸ ಮಾಡಿ, ಹೆಸರಾಂತ ರಂಗನಟ ಜಾನ್ ಗಿಲ್ಗುಡ್ ಕೈಹಿಡಿದ ಮೇಲೆ ರಂಗಭೂಮಿಯಲ್ಲಿ ನೆಲೆ ಕಂಡರು. ಯುದ್ಧದಲ್ಲಿ ನೌಕಾಪಡೆ ಸೇರಿ, 1943ರಲ್ಲಿ ಸಿಸಿಲಿಗೆ ಸೈನಿಕರನ್ನು ಇಳಿಸುವ ದೋಣಿಯೊಂದನ್ನು ನಡೆಸಿದರು. ಅಪ್ಪ ಯಾರೆಂದು ತಿಳಿಯದ್ದಕ್ಕೇ ಹೀಗೆ ಯಾರು ಬೇಕಾದರೂ ಆಗುತ್ತಿದ್ದರು ಅಂತ ಕೆಲವರ ಲೆಕ್ಕ. ನನಗೆ ಅದು ತೀರಾ ಸಲೀಸಾದ ಮಾತು ಅನ್ನಿಸುತ್ತದೆ.

1949ರ 'ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್'ನಲ್ಲಿ ಒಂದೇ ಮನೆತನದ 8 ಜನ ಇವರೇ. ಒಬ್ಬಳು ಹೆಂಗಸೂ ಇದ್ದಾಳೆ! ಚರ್ಚಿನಲ್ಲಿ 6 ಮಂದಿ ಒಟ್ಟಿಗೆ ಕಾಣುವ ಶಾಟ್ ಒಂದಿದೆ. ಕಂಪ್ಯೂಟರ್ ಇಲ್ಲದ ಕಾಲ. ಕ್ಯಾಮೆರಾ ಅಲ್ಲಾಡದಂತೆ ಬಿಗಿದು, ಲೆನ್ಸಿನ ಒಂದು ಭಾಗ ಬಿಟ್ಟು ಉಳಿದದ್ದು ಮುಚ್ಚಿ, ಅದೇ ರೀಲನ್ನು ಹಿಂದಕ್ಕೆ ಸುತ್ತಿ ಸುತ್ತಿ ಒಬ್ಬೊಬ್ಬರನ್ನೇ ತೆಗೆದರು. ಯಾರಾದರೂ ಮುಟ್ಟಿಬಿಟ್ಟಾರೆಂದು ಕ್ಯಾಮೆರಾಮನ್ ಡಗ್ಲಸ್ ಸ್ಲೋಕೋಂಬ್ ರಾತ್ರಿ ಅದರ ಪಕ್ಕದಲ್ಲೇ ಮಲಗಿದ್ದರಂತೆ.

ಸ್ಟಾರ್ ವಾರ್ಸ್ ಬಗ್ಗೆ ಜಾಸ್ತಿ ಹೇಳಲ್ಲ. ಲಾಭದಲ್ಲಿ ಪಾಲು ಕೇಳಿ ಪಡೆದಿದ್ದರು, ದುಡ್ಡು ಹರಿದು ಬಂತು. ಕೀರ್ತಿ ಮಾತ್ರ ಕಿರಿಕಿರಿಯಾಯಿತು. ನೂರು ಸಲ ಸಿನಿಮಾ ನೋಡಿದ್ದೇನೆ ಅಂದ ಹುಡುಗನಿಗೆ, ಇನ್ನು ನೋಡಲ್ಲ ಅಂತ ಮಾತು ಕೊಡು ಅಂದರಂತೆ. ಪಾಪ, ಹುಡುಗ ಅತ್ತುಬಿಟ್ಟ. ಸ್ಟಾರ್ ವಾರ್ಸ್ ಬಂದ ಎರಡೇ ವರ್ಷದಲ್ಲಿ, 1979ರಲ್ಲಿ, ಬಿಬಿಸಿ ಧಾರಾವಾಹಿಯಲ್ಲಿ ಗೂಢಚಾರ ಜಾರ್ಜ್ ಸ್ಮೈಲಿ ಆದರು. ಕನ್ನಡಕ ಒರೆಸಿಕೊಂಡು ಎದುರಿನವರ ಮಾತು ಕೇಳುವುದು, ಹೆಚ್ಚಾಗಿ ಅಷ್ಟೇ. ನನ್ನ ಮೆಚ್ಚಿನ ಪಾತ್ರ ಅದು.

ಎಲ್ಲವೂ ಗೆದ್ದಿತು ಅಂತಲ್ಲ. 'ಆಲಿವರ್ ಟ್ವಿಸ್ಟ್'ನಲ್ಲಿ ಇವರು ಮಾಡಿದ್ದು ಫೇಗಿನ್ ಪಾತ್ರ, ಕಳ್ಳ ಹುಡುಗರನ್ನು ಸಾಕುವ ಯಹೂದಿ ಮುದುಕ. ಅವನಿಗೆ ಅಂಟಿಸಿದ ಆ ದೊಡ್ಡ ಮೂಗು ಯಹೂದಿಗಳನ್ನು ನೋಯಿಸಿ, 1948ರ ಸಿನಿಮಾ ಅಮೆರಿಕಕ್ಕೆ ಹೋಗಿದ್ದು 1951ರಲ್ಲಿ. 1984ರ 'ಎ ಪ್ಯಾಸೇಜ್ ಟು ಇಂಡಿಯಾ' ನಮ್ಮ ಬೆಂಗಳೂರು, ರಾಮನಗರ, ಸಾವನದುರ್ಗದ ಕಡೆಯೂ ಚಿತ್ರೀಕರಣವಾಯಿತು. ಅದರಲ್ಲಿ ಇವರು ಪ್ರೊಫೆಸರ್ ಗೋಡ್ಬೋಲೆ ಅನ್ನೋ ಬ್ರಾಹ್ಮಣ. ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಆ ವೇಷ ನನಗೆ ಇವತ್ತಿಗೂ ಮುಜುಗರ. ಅವರಿಗೂ ಆ ಪಾತ್ರ ಸಮಾಧಾನ ಕೊಡಲಿಲ್ಲ. ಗೋಡ್ಬೋಲೆಗೊಂದು ಕುಣಿತ ಇತ್ತು. ಅದಕ್ಕಾಗಿ ಹೆಜ್ಜೆ ಕಲಿತು, 70ರ ಆಸುಪಾಸಿನ ವಯಸ್ಸಿನಲ್ಲಿ ಕುಣಿದರು. ಎಡಿಟಿಂಗ್‌ನಲ್ಲಿ, ಈ ಸಿನಿಮಾವನ್ನೂ ನಿರ್ದೇಶಿಸಿದ್ದ ಲೀನ್ ಅದನ್ನೇ ಕತ್ತರಿಸಿ ಹಾಕಿದರು.